ಸಂಜೆ ನಾಲ್ಕರಿಂದ ಏಳರವರೆಗೆ

ಮೊನ್ನೆ ಆಫೀಸಲ್ಲಿ ಊಟದ ಹೊತ್ತಿಗೆ ಬೆಲೆ ಏರಿಕೆಯ ಮಾತು ಬಂತು. ಒಂದು ತೆಂಗಿನಕಾಯಿಗೆ 60 ರೂಪಾಯಿ ಕೊಟ್ಟು ಬಂದೆ ಅಂತ ನಾನು ಹೇಳಿದೆ. ಎದುರಿಗೆ ಕೂತಿದ್ದವರು ಒಳ್ಳೆಯ ಮನುಷ್ಯರೇ, ಯಾವತ್ತೂ ಒಂದು ಕೆಟ್ಟ ಮಾತು ಆಡಿದವರಲ್ಲ. "ನಿಮಗೇನ್ ಮೇಡಂ ಕಷ್ಟ? ಬಸ್ಸು ಫ್ರೀ, ಕರೆಂಟು ಫ್ರೀ, ತಿಂಗಳಿಗೆ ಎರಡು ಸಾವಿರ ಬೇರೆ. ಇರೋದೇ ಇಬ್ಬರು. ನಮ್ಮನೇಲಿ ಆರು ಜನ" ಅಂದರು. ಆಗ ಏನು ಹೇಳಬೇಕೋ ತೋಚಲಿಲ್ಲ, ಡಬ್ಬಿ ತೊಳೆಯಲು ಎದ್ದು ಹೋದೆ. ಎರಡು ದಿನದಿಂದ ಅದೇ ಮಾತು ಕೊರೆಯುತ್ತಿದೆ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಬಿಡುವಿದ್ದವರು ಓದಿ.

ಮೊದಲು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನಗೆ ನಿಜವಾಗಿಯೂ ಉಪಕಾರ ಆಗಿದೆ. ಗೃಹಜ್ಯೋತಿಯಿಂದ ಕರೆಂಟ್ ಬಿಲ್ ಸೊನ್ನೆ ಬರುತ್ತದೆ. ತಿಪಟೂರು ಹತ್ತಿರದ ನಮ್ಮೂರಿಗೆ ಮೊದಲು ವರ್ಷಕ್ಕೆ ಎರಡು ಸಲ ಹೋಗುತ್ತಿದ್ದವಳು ಈಗ ಎರಡು ತಿಂಗಳಿಗೊಮ್ಮೆ ಮಗಳನ್ನು ಕರೆದುಕೊಂಡು ಹೋಗಿ ಅಮ್ಮನ ಮುಖ ನೋಡಿ ಬರುತ್ತೇನೆ. ಇದನ್ನು ಬಿಟ್ಟಿ ಭಾಗ್ಯ ಅಂತ ಆಡಿಕೊಳ್ಳುವವರ ಜೊತೆ ನಾನಿಲ್ಲ. ಆದರೆ ನನ್ನ ಕಷ್ಟ ಏನು ಅಂತ ಕೇಳಿದರಲ್ಲ, ಅದು ಬೇರೆ ಕಡೆ ಇದೆ.

ನಾನು ಬೆಂಗಳೂರಿನ ಬಾಗಲಗುಂಟೆಯಲ್ಲಿ ಇರುತ್ತೇನೆ, ಮಲ್ಲೇಶ್ವರದಲ್ಲಿ ಕೆಲಸ. ಒಂದು ಸಣ್ಣ ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಮಗಳಿಗೆ ಎಂಟು ವರ್ಷ. ನಾವಿಬ್ಬರೇ ಆಗಿ ಐದು ವರ್ಷ ಆಯ್ತು. ಕೈಗೆ ಬರುವುದು 26,400. ಬಾಡಿಗೆ 9,000, ಡೇಕೇರ್‌ಗೆ 4,000, ಶಾಲೆ ಫೀಸು ವರ್ಷಕ್ಕೆ 48,000 ಇರುವುದರಿಂದ ತಿಂಗಳಿಗೆ 4,000 ಎತ್ತಿಡುತ್ತೇನೆ, ವ್ಯಾನ್‌ಗೆ 1,500. ಉಳಿದದ್ದು 7,900. ಅದರಲ್ಲಿ ದಿನಸಿ, ಹಾಲು, ಗ್ಯಾಸು, ಔಷಧಿ, ಫೋನು, ಮಗಳ ಚಪ್ಪಲಿ, ಯಾರದೋ ಮನೆ ನಾಮಕರಣಕ್ಕೆ ಮುಯ್ಯಿ. ಲೆಕ್ಕ ಬರೆಯುವುದೇ ನನ್ನ ಕೆಲಸ. ಹಾಗಾಗಿ ದುಡ್ಡು ಎಲ್ಲಿ ಸೋರುತ್ತಿದೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಸಾಮಾನಿನ ಬೆಲೆ. ಅದೂ ಏರಿದೆ, ನಿಮಗೆಲ್ಲ ಗೊತ್ತು. ನಂದಿನಿ ಹಾಲು 2023ರ ಆಗಸ್ಟ್‌ನಲ್ಲಿ ಲೀಟರ್‌ಗೆ 3 ರೂಪಾಯಿ, 2025ರ ಏಪ್ರಿಲ್‌ನಲ್ಲಿ ಮತ್ತೆ 4 ರೂಪಾಯಿ ಏರಿತು. ಅದೇ ತಿಂಗಳು ಸಿಲಿಂಡರ್‌ಗೆ 50 ರೂಪಾಯಿ ಜಾಸ್ತಿ ಮಾಡಿದರು. ಕಾಫಿಪುಡಿ ಕಾಲು ಕೆ.ಜಿ. ತರುತ್ತಿದ್ದವಳು ಈಗ ನೂರು ಗ್ರಾಂ ತಂದು ಚಿಕೋರಿ ಜಾಸ್ತಿ ಹಾಕಿಸುತ್ತೇನೆ. ಆದರೆ ಈ ಬೆಲೆ ಏರಿಕೆಗೆ ಮನಸಾರೆ ಬೈಯಲು ನನಗೆ ಆಗುವುದಿಲ್ಲ. ನಮ್ಮಮ್ಮ ಎರಡು ಹೊತ್ತು ಡೇರಿಗೆ ಹಾಲು ಹಾಕುತ್ತಾರೆ. ಮನೆ ಹಿಂದೆ ಇಪ್ಪತ್ತೆರಡು ತೆಂಗಿನ ಮರ ಇವೆ. 2025ರಲ್ಲಿ ತಿಪಟೂರು ಮಾರ್ಕೆಟ್‌ನಲ್ಲಿ ಕೊಬ್ಬರಿಗೆ ಹಿಂದೆ ಯಾವತ್ತೂ ಕಾಣದ ರೇಟು ಬಂತಲ್ಲ, ಅಮ್ಮ ಫೋನ್ ಮಾಡಿ ಸಂತೋಷದಿಂದ ಹೇಳಿದರು. ಎಷ್ಟೋ ವರ್ಷ ನುಸಿ ಬಂದು, ಮಳೆ ಹೋಗಿ, ಕೇಳಿದ ರೇಟಿಗೆ ಕೊಟ್ಟು ಬಂದವರು ಅವರು. ನನಗೆ ಕಾಯಿ 60 ರೂಪಾಯಿ ಆಯ್ತು ಅಂತ ಅವರ ಸಂತೋಷಕ್ಕೆ ಕಲ್ಲು ಹಾಕಲಾ? ಚಟ್ನಿಗೆ ಕಾಯಿ ಕಡಿಮೆ ಮಾಡಿ ಹುರಿಗಡಲೆ ಜಾಸ್ತಿ ಹಾಕುತ್ತೇನೆ, ಅಷ್ಟೇ. ಅನ್ನ ಸಾರಿನ ಲೆಕ್ಕ ಹೇಗೋ ಹೊಂದಿಸಬಹುದು.

ಹೊಂದಿಸಲು ಆಗದೇ ಇರುವುದು ಗಂಟೆಯ ಲೆಕ್ಕ. ದುಡ್ಡು ಉಳಿಸುವ ದಾರಿ ಯಾವುದನ್ನೇ ನೋಡಿ, ಅದು ನಿಮ್ಮ ಟೈಮ್ ತಿನ್ನುತ್ತದೆ. ಯಶವಂತಪುರ ಮಾರ್ಕೆಟ್‌ಗೆ ಹೋಗಿ ಹೋಲ್‌ಸೇಲಲ್ಲಿ ತನ್ನಿ ಅಂತಾರೆ. ಸಾರಿನ ಪುಡಿ ಮನೆಯಲ್ಲೇ ಮಾಡಿ ಅಂತಾರೆ. ಟ್ಯೂಷನ್ ಯಾಕೆ, ನೀವೇ ಹೇಳಿಕೊಡಿ ಅಂತಾರೆ. ಎಲ್ಲಾ ಸರಿ. ಮನೆಯಲ್ಲಿ ಇಬ್ಬರು ದೊಡ್ಡವರಿದ್ದರೆ ಒಬ್ಬರು ಮಾರ್ಕೆಟ್‌ಗೆ ಹೋಗುತ್ತಾರೆ, ಒಬ್ಬರು ಮಗುವನ್ನು ನೋಡಿಕೊಳ್ಳುತ್ತಾರೆ. ಒಬ್ಬಳೇ ಇದ್ದಾಗ ಕೈಲಿ ದುಡ್ಡೂ ಇರುವುದಿಲ್ಲ, ಟೈಮೂ ಇರುವುದಿಲ್ಲ. ಹಾಗಾಗಿ ದುಡ್ಡಿಲ್ಲದವಳೇ ದುಬಾರಿ ದಾರಿ ಹಿಡಿಯಬೇಕಾಗುತ್ತದೆ. ಇದು ಆರು ಜನ ಇರುವ ಮನೆಯವರಿಗೆ ತಕ್ಷಣ ಅರ್ಥ ಆಗುವುದಿಲ್ಲ, ಅವರ ತಪ್ಪಲ್ಲ.

ಫ್ರೀ ಬಸ್ಸನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಮಗಳನ್ನು ವ್ಯಾನ್ ಹತ್ತಿಸಿ ಎಂಟನೇ ಮೈಲಿ ಸ್ಟಾಪಿಗೆ ನಡೆದು ಬಸ್ಸಿನಲ್ಲೇ ಹೋಗುತ್ತೇನೆ. ಸಂಜೆ ಆಫೀಸು ಬಿಡುವುದು ಐದೂವರೆಗೆ. ಡೇಕೇರ್ ಇರುವುದು ಆರೂವರೆ ತನಕ. ಆಮೇಲೆ ಪ್ರತಿ ಅರ್ಧ ಗಂಟೆಗೆ ನೂರು ರೂಪಾಯಿ. ಐದೂವರೆಗೆ ಬಸ್ ಹತ್ತಿದರೆ ಯಶವಂತಪುರದಲ್ಲಿ ಒಂದಷ್ಟು ಹೊತ್ತು, ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಇನ್ನೊಂದಷ್ಟು ಹೊತ್ತು. ಆ ಸಿಗ್ನಲ್ ಗೊತ್ತಿರುವವರಿಗೆ ನಾನು ಹೆಚ್ಚಿಗೆ ಹೇಳಬೇಕಿಲ್ಲ. ಏಳು ಗಂಟೆಯಾದರೂ ತಲುಪಿದರೆ ಪುಣ್ಯ. ಅದಕ್ಕೇ ಸಂಜೆ ಮಾತ್ರ ಸಂಪಿಗೆ ರಸ್ತೆಯಿಂದ ಮೆಟ್ರೋ ಹಿಡಿದು ದಾಸರಹಳ್ಳಿಯಲ್ಲಿ ಇಳಿಯುತ್ತೇನೆ. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿಸಿದರಲ್ಲ, ಆಮೇಲೆ ಆ ಒಂದು ಕಡೆಯ ಪ್ರಯಾಣಕ್ಕೇ ತಿಂಗಳಿಗೆ ಸಾವಿರ ದಾಟುತ್ತದೆ. ಮಳೆ ಬಂದ ದಿನ ಸ್ಟೇಷನ್ನಿಂದ ಆಟೋ. 2025ರ ಆಗಸ್ಟ್‌ನಿಂದ ಆಟೋ ಮಿನಿಮಮ್ 36 ಆಗಿದೆ, ಆ ರೇಟಿಗೆ ಬರುವವರು ಸಿಕ್ಕರೆ. ಬಸ್ಸು ಫ್ರೀ ಇದೆ. ಬಸ್ಸಲ್ಲಿ ಬರುವಷ್ಟು ಹೊತ್ತು ನನ್ನ ಹತ್ತಿರ ಇಲ್ಲ.

ಎರಡು ಸಾವಿರದ ಮಾತು. ಗೃಹಲಕ್ಷ್ಮಿ ದುಡ್ಡು ಬರುವುದು ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅಂತ ಇರುವವರಿಗೆ. ನನ್ನ ಹೆಸರು, ಮಗಳ ಹೆಸರು ಇವತ್ತಿಗೂ ಗಂಡನ ಮನೆಯ ಕಾರ್ಡಿನಲ್ಲಿವೆ. ಅಲ್ಲಿಂದ ತೆಗೆಸಿದರೆ ತಾನೇ ಹೊಸ ಕಾರ್ಡು. ಅದಕ್ಕಾಗಿ ಮೂರು ಸಲ ಅರ್ಧ ದಿನ ರಜೆ ಹಾಕಿ ಹೋದೆ. ಒಮ್ಮೆ ಸರ್ವರ್ ಇಲ್ಲ, ಒಮ್ಮೆ ಇನ್ನೊಂದು ಕಾಗದ ಬೇಕು, ಒಮ್ಮೆ ಸಾಹೇಬರು ಮೀಟಿಂಗ್‌ನಲ್ಲಿ. ಅರ್ಧ ದಿನದ ಸಂಬಳ ಮೂರು ಸಲ ಹೋಯಿತು. ನಾಲ್ಕನೇ ಸಲ ಹೋಗಲೇ ಇಲ್ಲ. ಗಂಡನಿಂದ ಬೇರೆ ಇರುವ ಹೆಂಗಸು ತಾನೇ ಒಂದು ಮನೆ ಅಂತ ಕಾಗದದಲ್ಲಿ ತೋರಿಸಬೇಕಾದರೆ ಎಷ್ಟು ಮೇಜಿನ ಮುಂದೆ ನಿಂತು ತನ್ನ ಸಂಸಾರದ ಕಥೆ ಹೇಳಬೇಕು ಅನ್ನುವುದು ಹೇಳಿದವರಿಗೇ ಗೊತ್ತು. ಅಲ್ಲಿ ಕ್ಯೂನಲ್ಲಿ ಹಿಂದೆ ನಿಂತವರೂ ಕೇಳಿಸಿಕೊಳ್ಳುತ್ತಿರುತ್ತಾರೆ.

ಒಬ್ಬ ಗೆಳತಿ ಮಿಷನ್ ವಾತ್ಸಲ್ಯದ ವಿಷಯ ಹೇಳಿದಳು. ಗಂಡ ಸತ್ತವರ, ಬಿಟ್ಟು ಹೋದವರ ಮಕ್ಕಳಿಗೆ ತಿಂಗಳಿಗೆ 4,000 ಕೊಡುವ ಕೇಂದ್ರದ ಯೋಜನೆ. ಒಳ್ಳೆಯ ಯೋಜನೆ. ಆದರೆ ಸಿಟಿಯಲ್ಲಿ ಮನೆಯ ಆದಾಯ ವರ್ಷಕ್ಕೆ 96,000 ದಾಟಿರಬಾರದು. ಅಂದರೆ ತಿಂಗಳಿಗೆ 8,000. ಬೆಂಗಳೂರಲ್ಲಿ ತಿಂಗಳಿಗೆ 8,000 ದುಡಿಯುವ ತಾಯಿ ಮಗುವನ್ನು ಇಟ್ಟುಕೊಂಡು ಎಲ್ಲಿ ಬದುಕುತ್ತಾಳೆ? ನನ್ನ ಬಾಡಿಗೆಯೇ ಅದಕ್ಕಿಂತ ಜಾಸ್ತಿ.

ಈಗ ಜ್ವರದ ವಿಷಯ. ಇದನ್ನು ಬರೆಯಬೇಕಾ ಬೇಡವಾ ಅಂತ ಯೋಚಿಸಿದೆ, ಬರೆಯುತ್ತೇನೆ. ಕಳೆದ ಮಳೆಗಾಲದಲ್ಲಿ ಮಗಳಿಗೆ ಆರು ದಿನ ಜ್ವರ. ಜ್ವರ ಇದ್ದರೆ ಡೇಕೇರ್‌ನಲ್ಲಿ ಸೇರಿಸುವುದಿಲ್ಲ, ಅದು ನ್ಯಾಯವೇ, ಬೇರೆ ಮಕ್ಕಳಿದ್ದಾರೆ. ಹತ್ತಿರದ ಸರ್ಕಾರಿ ಕ್ಲಿನಿಕ್ ನಾನು ಬರುವ ಹೊತ್ತಿಗೆ ಮುಚ್ಚಿತ್ತು. ಖಾಸಗಿ ಡಾಕ್ಟರಿಗೆ 500, ರಕ್ತ ಪರೀಕ್ಷೆಗೆ 1,100, ಔಷಧಿ ಬೇರೆ. ನನ್ನ ಲೆಕ್ಕದಲ್ಲಿ ಉಳಿದಿದ್ದ ರಜೆ ಎರಡು. ಮೂರು ದಿನದ ಸಂಬಳ ಹೋಯಿತು. ಐದನೇ ದಿನ ಜ್ವರ ಸ್ವಲ್ಪ ಇಳಿದಿತ್ತು, ಜಿಎಸ್‌ಟಿ ರಿಟರ್ನ್ ಕಟ್ಟುವ ಕೊನೆ ದಿನ, ಹೋಗಲೇಬೇಕು ಅಂತ ಫೋನ್ ಬಂತು. ಪಕ್ಕದ ಮನೆಯವರಿಗೆ ಹೇಳಿ, ಗಂಜಿ ಮಾಡಿಟ್ಟು, ಮಗಳ ಕೈಗೆ ಹಳೇ ಫೋನ್ ಕೊಟ್ಟು ಬಾಗಿಲು ಎಳೆದುಕೊಂಡು ಹೋದೆ. ಮಧ್ಯಾಹ್ನದವರೆಗೆ ಏಳು ಸಲ ಫೋನ್ ಮಾಡಿದ್ದೇನೆ. ಕೊನೇ ಸಲ ಅವಳೇ, "ಅಮ್ಮಾ, ನಾನು ಸರಿಯಾಗಿದೀನಿ, ನೀನು ಕೆಲಸ ಮಾಡು" ಅಂದಳು. ಎಂಟು ವರ್ಷದ ಮಗು ಹೇಳಬೇಕಾದ ಮಾತಲ್ಲ ಅದು. ಸ್ಟೋರ್ ರೂಮಿಗೆ ಹೋಗಿ ಅತ್ತೆ.

ಇದನ್ನು ಹೇಳಿದರೆ ನೆಂಟರದು ಒಂದೇ ಉತ್ತರ: "ಮಗೂನ ಊರಲ್ಲಿ ಅಜ್ಜಿ ಹತ್ರ ಬಿಡು, ನೀನು ಒಂದು ಪಿಜಿಲಿ ಇರು, ದುಡ್ಡು ಉಳಿಯುತ್ತೆ." ಲೆಕ್ಕಕ್ಕೆ ಅದು ಸರಿ. ಬಾಡಿಗೆ, ಡೇಕೇರ್, ವ್ಯಾನ್ ಎಲ್ಲಾ ಉಳಿಯುತ್ತದೆ. ನಮ್ಮ ವಠಾರದಲ್ಲೇ ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ಇಬ್ಬರು ಹಾಗೆ ಮಾಡಿದ್ದಾರೆ. ಒಬ್ಬರ ಮಗ ಮಧುಗಿರಿ ಕಡೆ, ಇನ್ನೊಬ್ಬರ ಮಗಳು ಚಳ್ಳಕೆರೆಯಲ್ಲಿ. ಭಾನುವಾರ ಬಟ್ಟೆ ಒಗೆಯುತ್ತಾ ಸ್ಪೀಕರ್ ಹಾಕಿ ಮಕ್ಕಳ ಜೊತೆ ಮಾತಾಡುತ್ತಾರೆ. ಅವರನ್ನು ನಾನು ಯಾವತ್ತೂ ತಪ್ಪು ಅನ್ನುವುದಿಲ್ಲ, ಬೇರೆ ದಾರಿ ಇರಲಿಲ್ಲ ಅವರಿಗೆ. ಬೆಲೆ ಏರಿಕೆ ಅಂದರೆ ಟೊಮೆಟೊ ನೂರು ರೂಪಾಯಿ ಆಗುವುದು ಅಂತ ಟಿವಿಯಲ್ಲಿ ತೋರಿಸುತ್ತಾರೆ. ನನ್ನ ಕಣ್ಣಿಗೆ ಕಾಣುವುದು ಆ ಸ್ಪೀಕರ್ ಫೋನು. ನನಗೆ ಮಗಳನ್ನು ಬಿಟ್ಟಿರಲು ಆಗುವುದಿಲ್ಲ. ಆ ಒಂದು ಹಟಕ್ಕೆ ತಿಂಗಳಿಗೆ ಹತ್ತು ಸಾವಿರದ ಮೇಲೆ ಕೊಡುತ್ತಿದ್ದೇನೆ ಅಂತ ಇಟ್ಟುಕೊಳ್ಳಿ.

ಹಾಗಾದರೆ ಏನು ಬೇಕು ಅಂತ ಕೇಳಿದರೆ, ನನ್ನ ಉತ್ತರ ದುಡ್ಡಲ್ಲ. ಸಂಜೆ ನಾಲ್ಕರಿಂದ ಏಳರವರೆಗೆ ನನ್ನ ಮಗು ಕೂರಲು ಒಂದು ಜಾಗ ಬೇಕು.

ನಮ್ಮ ರಸ್ತೆಯ ಕೊನೆಯಲ್ಲಿ ಒಂದು ಸರ್ಕಾರಿ ಶಾಲೆ ಇದೆ. ಒಳ್ಳೆಯ ಮೇಷ್ಟ್ರು ಇದ್ದಾರೆ. ಅಲ್ಲಿ ಫೀಸಿಲ್ಲ, ಪುಸ್ತಕ ಕೊಡುತ್ತಾರೆ, ಬಿಸಿಯೂಟ ಇದೆ, ಹಾಲಿದೆ, 2024ರಿಂದ ವಾರಕ್ಕೆ ಆರು ದಿನ ಮೊಟ್ಟೆಯೂ ಕೊಡುತ್ತಿದ್ದಾರೆ. ಮಗಳನ್ನು ಅಲ್ಲಿಗೆ ಸೇರಿಸಬೇಕು ಅಂತ ಎರಡು ವರ್ಷದಿಂದ ಆಸೆ. ಆದರೆ ನಾಲ್ಕೂ ಚಿಲ್ಲರೆಗೆ ಗೇಟಿಗೆ ಬೀಗ. ಆಮೇಲೆ ಮಗು ಎಲ್ಲಿಗೆ ಹೋಗಬೇಕು? ಈಗಿರುವ ಖಾಸಗಿ ಶಾಲೆಗೆ ನಾನು ಕಟ್ಟುತ್ತಿರುವ ಫೀಸು ಇಂಗ್ಲಿಷಿಗೆ ಅಂತ ಎಲ್ಲರೂ ತಿಳಿದಿದ್ದಾರೆ. ಇಲ್ಲ. ಅಲ್ಲಿಂದ ಡೇಕೇರ್‌ಗೆ ಬಿಡುವ ವ್ಯಾನ್ ಇದೆ ಅಂತ ಕಟ್ಟುತ್ತಿದ್ದೇನೆ. ಅದೇ ಸರ್ಕಾರಿ ಶಾಲೆಯ ಎರಡು ಕೋಣೆಯನ್ನು ಏಳರ ತನಕ ತೆರೆದಿಟ್ಟು, ಸಂಬಳ ಕೊಟ್ಟು ಇಬ್ಬರು ಹೆಂಗಸರನ್ನು ನೇಮಿಸಿ, ಒಂದಿಷ್ಟು ಪುಸ್ತಕ, ಒಂದು ಕೇರಂ ಬೋರ್ಡ್, ತಿನ್ನಲು ಮಂಡಕ್ಕಿಯೋ ಬಾಳೆಹಣ್ಣೋ ಕೊಟ್ಟರೆ ನಾಳೆಯೇ ಸೇರಿಸುತ್ತೇನೆ. ತಿಂಗಳಿಗೆ ಸಾವಿರ ಕೇಳಿದರೂ ಕೊಡುತ್ತೇನೆ. ನನ್ನ ತಿಂಗಳ ಖರ್ಚಲ್ಲಿ ಎಂಟು ಸಾವಿರದ ಮೇಲೆ ಇಳಿಯುತ್ತದೆ. ಯಾವ ಯೋಜನೆಯೂ ನನಗೆ ಇಷ್ಟು ಉಳಿಸಿಕೊಟ್ಟಿಲ್ಲ.

ಇಲ್ಲದ್ದನ್ನು ಕೇಳುತ್ತಿಲ್ಲ ನಾನು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಗಳು ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗೆ ಕೂಸಿನ ಮನೆ ಮಾಡಿವೆ. ಪಂಚಾಯಿತಿ ಗ್ರಂಥಾಲಯಗಳನ್ನು ಅರಿವು ಕೇಂದ್ರ ಮಾಡಿ ಮಕ್ಕಳಿಗೆ ತೆರೆದಿದ್ದಾರೆ. ನಮ್ಮೂರಲ್ಲಿ ಅಕ್ಕನ ಮಕ್ಕಳು ಸಂಜೆ ಅಲ್ಲೇ ಇರುತ್ತಾರೆ. 50 ಜನಕ್ಕಿಂತ ಕಡಿಮೆ ಇಲ್ಲದ ಕಂಪನಿಗಳಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು ಅಂತ 2017ರಲ್ಲೇ ಕಾನೂನು ತಿದ್ದುಪಡಿ ಆಗಿದೆ. ನಮ್ಮ ಆಫೀಸಲ್ಲಿ ಇರುವುದು 22 ಜನ, ನನಗೆ ಅದು ಬರುವುದಿಲ್ಲ. ಅಂಗನವಾಡಿ ಆರು ವರ್ಷದವರೆಗೆ. ಆರು ದಾಟಿದ ಮಗು, ಹನ್ನೆರಡು ತುಂಬದ ಮಗು, ಅದು ಸಂಜೆ ಎಲ್ಲಿರುತ್ತದೆ ಅಂತ ಯಾರೂ ಕೇಳಿದ ಹಾಗಿಲ್ಲ. ಮನೆಯಲ್ಲಿ ಅಮ್ಮ ಇರುತ್ತಾಳೆ ಅಂದುಕೊಂಡೇ ಶಾಲೆಯ ಗಂಟೆ ಹೊಡೆಯುತ್ತಾರೆ. ಅಮ್ಮ ಗೊರಗುಂಟೆಪಾಳ್ಯದಲ್ಲಿ ಬಸ್ಸಲ್ಲಿ ನಿಂತಿರುತ್ತಾಳೆ.

ಹಾಗಂತ ಸುಮ್ನೆ ಕೂತಿಲ್ಲ. ಜ್ವರದ ಆ ವಾರ ಆದ ಮೇಲೆ ಪಕ್ಕದ ಮನೆಯ ಅಕ್ಕ, ಮೇಲಿನ ಮನೆಯವರು, ಹಿಂದಿನ ಬೀದಿಯ ಒಬ್ಬ ತಂದೆ (ಹೆಂಡತಿ ತೀರಿಕೊಂಡು ಎರಡು ಮಕ್ಕಳನ್ನು ಸಾಕುತ್ತಿದ್ದಾರೆ, ಡೆಲಿವರಿ ಕೆಲಸ) ಮತ್ತು ನಾನು, ನಾಲ್ಕು ಜನ ಸೇರಿ ಒಂದು ಮಾತು ಮಾಡಿಕೊಂಡೆವು. ಯಾರ ಮಗುವಿಗೆ ಹುಷಾರಿಲ್ಲದಿದ್ದರೂ ಸರದಿ ಪ್ರಕಾರ ಒಬ್ಬರು ಅರ್ಧ ದಿನ ನೋಡಿಕೊಳ್ಳುವುದು. ಎರಡು ತಿಂಗಳಲ್ಲಿ ನನಗೆ ಮೂರು ದಿನದ ಸಂಬಳ ಉಳಿದಿದೆ. ಶಾಲೆಯ ಕೋಣೆಗಾಗಿ ಶಾಲಾಭಿವೃದ್ಧಿ ಸಮಿತಿಗೆ ಒಂದು ಅರ್ಜಿ ಬರೆದಿದ್ದೇವೆ. ಅಲ್ಲಿ ಮಕ್ಕಳನ್ನು ಓದಿಸುತ್ತಿರುವ ಹನ್ನೊಂದು ತಾಯಂದಿರು ಸಹಿ ಹಾಕಿದ್ದಾರೆ, ಮುಖ್ಯ ಶಿಕ್ಷಕರು ತೆಗೆದುಕೊಂಡಿದ್ದಾರೆ. ಬಾಗಲಗುಂಟೆ, ಮಲ್ಲಸಂದ್ರ ಕಡೆ ಇರುವವರು ಯಾರಾದರೂ ಸಹಿ ಹಾಕುವುದಾದರೆ ನನಗೆ ಮೆಸೇಜ್ ಮಾಡಿ, ಭಾನುವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತೇನೆ.

ಬುಧವಾರ ನನ್ನ ಸರದಿ. ಹಿಂದಿನ ಬೀದಿಯವರ ಚಿಕ್ಕ ಮಗನಿಗೆ ಕೆಮ್ಮು, ಮಧ್ಯಾಹ್ನದ ಮೇಲೆ ನಮ್ಮ ಮನೆಯಲ್ಲಿ ಇರುತ್ತಾನೆ. ಆಫೀಸಲ್ಲಿ ಅರ್ಧ ದಿನ ರಜೆ ಹೇಳಿದ್ದೇನೆ. ಯಾಕೆ ಅಂತ ಕೇಳಿದ್ದು ಆ ಊಟದ ಹೊತ್ತಿನ ಸಹೋದ್ಯೋಗಿಯೇ. ಈ ಸಲ ಕೂತು ಎಲ್ಲಾ ಹೇಳಿದೆ.