ಡಿಕ್ಕಿಗೆ ಬಾಗಿಲಿಲ್ಲ

2008ರಲ್ಲಿ ಟಾಟಾದವರ ನ್ಯಾನೊ ಕಾರಿನ ಕಾರ್ಖಾನೆ ಬಂಗಾಳದ ಸಿಂಗೂರಿನಿಂದ ಗಂಟುಮೂಟೆ ಕಟ್ಟಿದಾಗ, ಧಾರವಾಡಕ್ಕೆ ಬನ್ನಿ, ಜಾಗ ಕೊಡ್ತೀವಿ ಅಂತ ನಮ್ಮ ಸರ್ಕಾರವೂ ಕರೆದಿತ್ತು. ಆಗ ನಮ್ಮ ಓಣಿಯ ಕಟ್ಟೆ ಮೇಲೆ ಅದೊಂದೇ ಮಾತು. ಯಾರ ಹೊಲಕ್ಕೆ ಎಷ್ಟು ರೇಟು, ಯಾರ ಮಗನಿಗೆ ನೌಕರಿ ಎಂಬ ಲೆಕ್ಕವೆಲ್ಲ ಮುಗಿದು ಹಂಚಿಕೆಯೂ ಆಗಿತ್ತು. ಅಷ್ಟರಲ್ಲಿ ಕಾರ್ಖಾನೆ ಗುಜರಾತಿನ ಸಾಣಂದಕ್ಕೆ ಹೋಯಿತು. ಎಷ್ಟೋ ವರ್ಷಗಳ ಮೇಲೆ ಒಂದು ಹಳೇ ನ್ಯಾನೊ, ಅದೂ ಸೆಕೆಂಡ್ ಹ್ಯಾಂಡ್, ನಮ್ಮ ಮನೆ ಮುಂದೆ ಬಂದು ನಿಂತಿತು. "ಕಾರ್ಖಾನಿ ಬರಲಿಲ್ಲ, ಕಾರಾದ್ರೂ ಬಂತಲ್ಲ" ಅಂತ ಅವ್ವ ಆರತಿ ಎತ್ತಿದಳು.

ಹಂಬಲಿಸಿ ಕೊಂಡ ಕಾರಲ್ಲ ಅದು. ಕೈಯಲ್ಲಿದ್ದ ರೊಕ್ಕಕ್ಕೆ ನಾಲ್ಕು ಗಾಲಿ, ಮೇಲೊಂದು ಸೂರು ಸಿಕ್ಕಿದ್ದು ಅದೊಂದರಲ್ಲೇ. 2009ರಲ್ಲಿ ಮಾರುಕಟ್ಟೆಗೆ ಬಂದಾಗಿನಿಂದ 'ಒಂದು ಲಕ್ಷದ ಕಾರು' ಎಂಬ ಹೆಸರು ಅದಕ್ಕೆ ಅಂಟಿಕೊಂಡುಬಿಟ್ಟಿದೆ. ಬೇರೆ ಕಾರು ಕೊಂಡವರನ್ನು ಜನ "ಎಷ್ಟಾತ್ರೀ?" ಅಂತ ಕೇಳ್ತಾರೆ. ನನ್ನನ್ನು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಅವರು ಕೇಳಿದ್ದು ಬೇರೆಯದೇ. ಮೊದಲ ಸಲ ಪೆಟ್ರೋಲ್ ಬಂಕಿಗೆ ಹೋದಾಗ ಅಲ್ಲಿನ ಹುಡುಗ ಪೈಪು ಹಿಡಿದು ಎಡಕ್ಕೆ ಬಂದ, ಬಲಕ್ಕೆ ಹೋದ, ಹಿಂದೆ ಬಗ್ಗಿ ನೋಡಿದ.

"ಸರ, ಎಲ್ಲಿ ಹಾಕ್ಲಿರಿ?"

"ಮುಂದ, ಬಾನೆಟ್ ಒಳಗ."

"ಇಂಜಿನ್ ಮ್ಯಾಲೇನ್ರಿ?"

"ಇಂಜಿನ್ ಹಿಂದೈತಪಾ."

ಹುಡುಗ ಪೈಪನ್ನು ಮತ್ತೆ ಅದರ ಜಾಗಕ್ಕೆ ಸಿಕ್ಕಿಸಿ, ದೊಡ್ಡವರನ್ನು ಕರೆಯಲು ಹೋದ. ಹಿಂದೆ ಸಾಲಿನಲ್ಲಿದ್ದ ಬೈಕಿನವರು ಹಾರ್ನ್ ಹೊಡೆಯುವುದು ಬಿಟ್ಟು ಸ್ಟ್ಯಾಂಡ್ ಹಾಕಿ ನೋಡಲು ಬಂದರು. ನಾನು ಬಾನೆಟ್ ಎತ್ತಿದೆ. ಒಳಗೆ ಸ್ಟೆಪ್ನಿ, ಪೆಟ್ರೋಲ್ ಮುಚ್ಚಳ, ಒಂದಿಷ್ಟು ಧೂಳು. ಇಂಜಿನ್ ಕಾಣದೆ ಒಬ್ಬ ಯಜಮಾನರಿಗೆ ನಿಜಕ್ಕೂ ಕೆಟ್ಟೆನಿಸಿತು. ಅವರ ಸಮಾಧಾನಕ್ಕೆಂದು ನಾನೇ ಶುರು ಮಾಡಿದೆ: 624 ಸಿಸಿ, ಎರಡು ಸಿಲಿಂಡರು, ಹಿಂದಿನ ಗಾಲಿ ತಿರುಗಿಸೋದಕ್ಕೆ ಇಂಜಿನ್ ಹಿಂದೇ ಇರಬೇಕಲ್ರಿ... ಹದಿನೈದೇ ಲೀಟರಿನ ಟ್ಯಾಂಕು, ಹಾಗಾಗಿ ಈ ಪ್ರಯೋಗ ಪದೇಪದೇ ನಡೆಯುತ್ತಿತ್ತು. ಬರಬರುತ್ತ ನನ್ನ ಭಾಷಣಕ್ಕೂ ಒಂದು ಲಯ ಬಂತು.

ಪಂಕ್ಚರ್ ಅಂಗಡಿಯವನದು ಇನ್ನೊಂದು ಚಿಂತೆ. ಗಾಲಿ ಬಿಚ್ಚಲು ಕೂತವನು ಪಾನಾ ಕೆಳಗಿಟ್ಟು, ದನಿ ತಗ್ಗಿಸಿ, "ಸರ, ನಟ್ ಯಾರೋ ಕದ್ದಾರ್ರಿ" ಅಂದ. ಮೂರೇ ನಟ್ಟು, ಕಂಪನಿಯೇ ಕೊಟ್ಟದ್ದು ಅಷ್ಟು ಅಂದರೆ ನಂಬಲಿಲ್ಲ. ಉಳಿದ ಮೂರೂ ಗಾಲಿ ಸುತ್ತಿ ಬಂದು, "ಎಲ್ಲಾ ಗಾಲಿದೂ ಕದ್ದಾರ" ಎಂದು ವರದಿ ಒಪ್ಪಿಸಿದ. ಗಾಡಿ ಹಗುರ, ಆರು ನೂರು ಕಿಲೋ ಚಿಲ್ಲರೆ, ಮೂರು ಸಾಕು ಅಂತ ಅವನೆದುರು ವಾದಿಸುವಾಗ ನನ್ನ ದನಿ ಏರಿದ್ದು ನನಗೇ ಕೇಳಿಸಿತು. ಅಷ್ಟು ಸಿಟ್ಟು ಯಾಕೆ ಬಂತೋ! ಮನೆ ಮಂದಿಯ ಪರವಾಗಿ ಕೂಡ ನಾನು ಹಾಗೆ ಜಗಳಾಡಿದವನಲ್ಲ.

ಅವ್ವನಿಗೆ ಮಾತ್ರ ಮೊದಲ ದಿನದಿಂದಲೂ ಕಾರು ಹಿಡಿಸಿತ್ತು. ಅದರ ಸ್ಪೀಡ್ ಮೀಟರು ಡ್ರೈವರ್ ಎದುರಿಗಿಲ್ಲ, ಡ್ಯಾಶ್‌ಬೋರ್ಡಿನ ನಟ್ಟನಡುವೆ ಇದೆ. ಮುಂದಿನ ಸೀಟಿನಲ್ಲಿ ಕೂತ ಅವ್ವನಿಗೆ ಅದು ತನಗೇ ಇಟ್ಟದ್ದೆಂದು ಖಾತ್ರಿ. ಅರಬೈಲ್ ಘಟ್ಟ ಇಳಿಯುವಾಗ "ನಲವತ್ತಾತು... ನಲವತ್ತೆರಡು... ಸಾಕು ಸಾಕು" ಎಂದು ಹರಾಜು ಕೂಗಿದ ಹಾಗೆ ಅಂಕೋಲೆವರೆಗೂ ಕೂಗಿದಳು. ಈ ಗಾಡಿ ನೂರರ ಮೇಲೂ ಓಡುತ್ತದೆ ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಇನ್ನು ಡಿಕ್ಕಿ. ಊರಿಗೆ ಹೋದಾಗ ಕಾಕಾ ಪ್ರೀತಿಯಿಂದ ಅರ್ಧ ಚೀಲ ಜೋಳ ಹೆಗಲ ಮೇಲೆ ಹೊತ್ತು ಕಾರಿನ ಹಿಂದೆ ಬಂದು ನಿಂತರು.

"ತಗಿಯೋ ಡಿಕ್ಕಿ."

"ಡಿಕ್ಕಿಗೆ ಬಾಗಲಾ ಇಲ್ರಿ ಕಾಕಾ. ಹಿಂದಿನ ಸೀಟ್ ಮಡಚಿ ಒಳಗಿಂದ ಇಡಬೇಕು."

ಹೊತ್ತ ಚೀಲ ಇಳಿಸದೆ ಕಾಕಾ ಕಾರಿಗೆ ಒಂದು ಪ್ರದಕ್ಷಿಣೆ ಹಾಕಿದರು. "ನೆಲದಾಗ ಕಾಳು ತುಂಬೋ ಹಗೇವಕ್ಕೂ ಒಂದು ಬಾಯಿ ಇರತೈತಿ" ಅಂದರು. ಆಮೇಲೆ ಬಂದ ನ್ಯಾನೊಗಳಲ್ಲಿ ಡಿಕ್ಕಿಗೆ ಬಾಗಿಲು ಬಂದಿದೆ, ನಮ್ಮದು ಮೊದಮೊದಲಿನ ಮಾಡೆಲ್ಲು ಅಂತ ಹೇಳಹೊರಟೆ. ಹೆಗಲ ಮೇಲೆ ಚೀಲ ಇದ್ದವರಿಗೆ ಇತಿಹಾಸ ಹೇಳಬಾರದು. ಚೀಲವನ್ನು ಹಿಂದಿನ ಸೀಟಿನ ಬಾಗಿಲಿಂದ ತುರುಕುವಾಗ ಸೀಟಿನ ಕೊಂಡಿಗೆ ತಾಗಿ ಮೂಲೆ ಹರಿಯಿತು. ಧಾರವಾಡ ಮುಟ್ಟಿದ ಮೇಲೆ ಬಾಚಿ ಬಾಚಿ ತೆಗೆದರೂ ಸೀಟಿನ ಹಳಿಯೊಳಗೆ ಇಳಿದದ್ದು ಇಳಿದದ್ದೇ.

ಮಳೆಗಾಲ ಬಂತು. ಒದ್ದೆ ಛತ್ರಿ, ಒದ್ದೆ ಚಪ್ಪಲಿ, ನೀರು ಕುಡಿದ ಮ್ಯಾಟು. ಒಂದು ಬೆಳಗ್ಗೆ ನಮ್ಮಾಕಿ ಹಿಂದಿನ ಬಾಗಿಲು ತೆಗೆದವಳು ಹಾಗೇ ನಿಂತಳು. ಸೀಟಿನ ಬುಡದಲ್ಲಿ ಬೆರಳುದ್ದದ ಹಸಿರು ಮೊಳಕೆ, ಎಲೆ ಬಿಚ್ಚಿಕೊಂಡು ಸಾಲಾಗಿ ನಿಂತಿತ್ತು. "ಈ ಸಲ ಕೊಯ್ಲಿಗೆ ಊರಿಗೆ ಹೋಗೋದು ಬ್ಯಾಡ ಬಿಡ್ರಿ" ಅಂದಳು.

ಆಕೆಗೆ ಈ ಕಾರಿನದು ದೊಡ್ಡ ಮುಜುಗರ. ಮದುವೆಗೆ ಹೋದರೆ ಮಂಟಪದ ಎದುರು ನಿಲ್ಲಿಸುವ ಹಾಗಿಲ್ಲ, ಆಚೆ ತಿರುವಿನಲ್ಲೇ ಇಳಿದು ಸೀರೆಯ ನಿರಿಗೆ ಸರಿ ಮಾಡಿಕೊಂಡು ನಡೆದು ಬರುತ್ತಿದ್ದಳು. ದೀಪಾವಳಿ ಮುಂದಿನ ಸುಭಾಸ ರಸ್ತೆಯಲ್ಲಿ, ದೊಡ್ಡ ಗಾಡಿಗಳೆಲ್ಲ ಜಾಗಕ್ಕಾಗಿ ಸುತ್ತು ಹೊಡೆಯುತ್ತಿದ್ದಾಗ, ಎರಡು ಸ್ಕೂಟರಿನ ನಡುವೆ ನಾವು ನುಗ್ಗಿ ನಿಂತೆವು. ಅವತ್ತು ಮಾತ್ರ ಆಕೆ ಅಂಗಡಿಯೆದುರೇ ಇಳಿದಳು, ಇಳಿದು ಸುತ್ತ ನೋಡಿದಳು ಕೂಡ. ಆದರೂ ಹೊಸ ಕಾರಿನ ಮಾತು ಬಿಡಲಿಲ್ಲ.

ಕಡೆಗೆ ಎಕ್ಸ್‌ಚೇಂಜ್ ಮಾಡೋಣವೆಂದು ಇಬ್ಬರೂ ಒಂದು ಶೋರೂಮಿಗೆ ಹೋದೆವು. ಇಸ್ತ್ರಿ ಅಂಗಿಯ ಹುಡುಗ ಬಂದು, ಕಾರನ್ನು ದೂರದಿಂದಲೇ ನೋಡಿ ಮೊಬೈಲಿನಲ್ಲಿ ಏನೋ ಒತ್ತಿ ಒಂದು ಅಂಕಿ ತೋರಿಸಿದ. ಒಳ್ಳೇ ಟಿವಿ ಬರುವಷ್ಟು ರೊಕ್ಕ. ನಾನು ಗಂಟಲು ಸರಿ ಮಾಡಿಕೊಂಡು ಭಾಷಣಕ್ಕೆ ಅಣಿಯಾಗುತ್ತಿದ್ದೆ. ಅವಳು ನನ್ನನ್ನು ಪಕ್ಕಕ್ಕೆ ಸರಿಸಿದಳು.

"ಯಾಕ್ರಿ, ಬಾಗಲಾ ತಗದು ನೋಡಿಲ್ಲ, ಚಾಲೂ ಮಾಡಿಲ್ಲ, ರೇಟ್ ಹೆಂಗ್ ಹೇಳಿದ್ರಿ?"

"ಮೇಡಂ, ಇದು ನ್ಯಾನೊ..."

"ಹೌದ್ರಿ, ನ್ಯಾನೊ. ಮೊದ್ಲ ಇದಕ್ಕ ಪೆಟ್ರೋಲ್ ಎಲ್ಲಿ ಹಾಕ್ತಾರ ತೋರಸ್ರಿ. ರೇಟ್ ಆಮ್ಯಾಲೆ ಹೇಳೀರಂತ."

ಹುಡುಗ ಎಡಕ್ಕೆ ಹೊರಟ.