ಸ್ಟೆಪ್ನಿ ಕೇಳಿದ್ದಕ್ಕೆ ಇಷ್ಟು ಅವಮಾನವಾ?

‘ಈ ಗಾಡಿಗೆ ಸ್ಟೆಪ್ನಿ ಇರಲ್ಲ ಸರ್’ ಅಂದರು ಕಾರಿನ ಸರ್ವಿಸ್ ಸೆಂಟರ್‌ನಲ್ಲಿ. ಇಲ್ಲ ಅಂತ ನನಗೂ ಗೊತ್ತು, ಅದಕ್ಕೇ ಅಲ್ವಾ ಕೇಳಲು ಹೋಗಿದ್ದು!

ನನ್ನ ಕಾರಿನ ಎಡಗಡೆ ಮುಂದಿನ ಟೈರಿನ ಪಕ್ಕದ ಗೋಡೆ ಸೀಳಿದೆ. ಬೆರಳಿಟ್ಟರೆ ಒಳಗಿನ ದಾರ ತಾಗುತ್ತದೆ. ಪಂಕ್ಚರ್ ಹಾಕಿಸುವ ಹಾಗಿಲ್ಲ, ಬಿಸಾಡಬೇಕು. ಇವು ರನ್‌ಫ್ಲಾಟ್, ಅಂದರೆ ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರ್. ಇದರ ಪಕ್ಕ ಗಟ್ಟಿ, ಸಣ್ಣ ಗುಂಡಿಯೂ ನೇರ ಬೆನ್ನಿಗೇ ಬಡಿಯುತ್ತದೆ. ಸಾಕಾಗಿತ್ತು. ನಾಲ್ಕೂ ತೆಗೆದು ಮಾಮೂಲಿ ಟೈರ್ ಹಾಕಿಸೋಣ, ಡಿಕ್ಕಿಯಲ್ಲಿ ಒಂದು ಸ್ಪೇರ್ ಇರಲಿ ಅಂದೆ. ಅಷ್ಟೇ ನಾನು ಕೇಳಿದ್ದು.

ಕೌಂಟರ್‌ನ ಹುಡುಗ ಕಂಪ್ಯೂಟರ್‌ನಿಂದ ಕಣ್ಣು ತೆಗೆಯದೆ ‘ರನ್‌ಫ್ಲಾಟೇ ಹಾಕಬೇಕು’ ಅಂತ ರೇಟ್ ಹೇಳಿದ. ‘ಒಂದಕ್ಕಾ?’ ಅಂದೆ. ಆಗ ತಲೆ ಎತ್ತಿದ. ನನಗೆ ಮರಾಠಿ ಬರುವುದಿಲ್ಲ ಅಂದುಕೊಂಡು ಪಕ್ಕದವನಿಗೆ ‘ಪರವಡತ್ ನಾಹೀ ತರ್ ಘೇತಾತ್ ಕಶಾಲಾ?’ ಅಂದ. ತಾಕತ್ತಿಲ್ಲದಿದ್ದರೆ ಯಾಕೆ ತಗೋತಾರೆ ಅಂತ! ಕಾಫಿ ಮಷೀನ್ ಹತ್ತಿರ ನಿಂತಿದ್ದವರು ನಕ್ಕರು. ಮಗಳು ನನ್ನ ಪಕ್ಕದಲ್ಲೇ ಇದ್ದಳು. ಪುಣೆಯ ಕೋಥ್ರೂಡ್‌ನಲ್ಲೇ ಬೆಳೆದವಳು, ಅವಳಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆ. ನನ್ನ ಮುಖ ನೋಡದೆ ಮೊಬೈಲ್ ತೆಗೆದು ಸುಮ್ನೆ ಸ್ಕ್ರೀನ್ ಉಜ್ಜುತ್ತಾ ನಿಂತಳು. ನನಗೆ ಒಂದು ಮಾತೂ ಹೊರಡಲಿಲ್ಲ.

ಹೋಗಲಿ, ಆ ಹುಡುಗನದೂ ಸಂಬಳದ ಕೆಲಸ. ಇಲ್ಲ, ಯಾಕೆ ಹೋಗಲಿ?

ಗಾಳಿ ಪೂರ್ತಿ ಹೋದರೂ 80ರ ವೇಗ ಮೀರದೆ ಸುಮಾರು 80 ಕಿ.ಮೀ. ಓಡಿಸಬಹುದು ಅಂತ ಹೇಳಿ ಮಾರುತ್ತಾರೆ. ಪುಣೆಯಿಂದ ಬೆಳಗಾವಿಗೆ 300 ಕಿ.ಮೀ.ಗೂ ಜಾಸ್ತಿ. ರಾತ್ರಿ ಕರಾಡ್ ದಾಟಿದ ಮೇಲೆ ಟೈರ್ ಹೋದರೆ, ತೆವಳಿಕೊಂಡು ಕೊಲ್ಹಾಪುರ ಮುಟ್ಟಿದರೂ ಆ ಹೊತ್ತಿಗೆ ಈ ಸೈಜಿನ ರನ್‌ಫ್ಲಾಟ್ ಯಾರು ಕೊಡುತ್ತಾರೆ? ಪಕ್ಕವೇ ಸೀಳಿದ್ದರೆ ಆ 80 ಕಿ.ಮೀ. ನಂಬುವ ಹಾಗೂ ಇಲ್ಲ. ವಯಸ್ಸಾದ ಅಮ್ಮನನ್ನು ಕೂರಿಸಿಕೊಂಡು ಹೋಗುವ ದಾರಿ ಅದು.

2020ರಲ್ಲಿ ಸರ್ಕಾರವೇ ನಿಯಮ ತಿದ್ದಿತು. ಗಾಳಿ ಇಳಿದರೆ ತೋರಿಸುವ ಟಿಪಿಎಂಎಸ್, ಟ್ಯೂಬ್‌ಲೆಸ್ ರಿಪೇರಿ ಕಿಟ್ ಇದ್ದರೆ ಕಾರಿಗೆ ಸ್ಪೇರ್ ಬೇಡ ಅಂತ. ಮೊಳೆ ಚುಚ್ಚಿದ್ದಕ್ಕೆ ಕಿಟ್ ಆಗುತ್ತದೆ, ಪಕ್ಕ ಸೀಳಿದರೆ ಏನು ಮಾಡಬೇಕು? ನನ್ನ ಡಿಕ್ಕಿಯಲ್ಲಿ ಸ್ಪೇರ್ ಕೂರುವ ಗುಳಿಯೇ ಇಲ್ಲ. ಜ್ಯಾಕ್ ಇಲ್ಲ, ಪಾನಾ ಇಲ್ಲ.

ಟೈರ್ ಅಂಗಡಿಯವನು ‘ಹಾಕ್ಕೊಡ್ತೀನಿ, ಏನೂ ಆಗಲ್ಲ’ ಅನ್ನುತ್ತಾನೆ. ಸರ್ವಿಸ್‌ನವರು ವಾರಂಟಿ ಹೋಗುತ್ತದೆ ಅನ್ನುತ್ತಾರೆ, ಬರೆದುಕೊಡಿ ಅಂದರೆ ಕೊಡುವುದಿಲ್ಲ. ವಿಮೆಯವರು ಸರ್ವಿಸ್‌ನವರನ್ನೇ ಕೇಳಿ ಅನ್ನುತ್ತಾರೆ. ಅದೇ ಸೈಜು, ಅದೇ ಲೋಡ್ ಇಂಡೆಕ್ಸ್ (ಹೊರುವ ಭಾರ), ಅದೇ ಸ್ಪೀಡ್ ರೇಟಿಂಗ್ (ತಡೆಯುವ ವೇಗ) ಇದ್ದರೆ ತೊಂದರೆ ಏನು? ಇದಕ್ಕೆ ಯಾರೂ ಬಾಯಿ ಬಿಡುವುದಿಲ್ಲ.

ಸುಸ್ತಾಗಿದೆ. ಕೊನೆಗೆ ಅವರು ಹೇಳಿದ ಟೈರನ್ನೇ ಹಾಕಿಸಿಕೊಂಡು ಸುಮ್ಮನಾಗಬೇಕೇನೋ. ಆದರೆ ಪುಣೆಯಲ್ಲಿ ಯಾರಾದರೂ ಮಾಮೂಲಿ ಟೈರ್‌ಗೆ ಬದಲಾಯಿಸಿದ್ದರೆ ದಯವಿಟ್ಟು ಹೇಳಿ. ಸ್ಪೇರ್ ಎಲ್ಲಿ ಕಟ್ಟಿದ್ದೀರಿ? ಸಣ್ಣ ಸ್ಪೇರ್ ಮುಂದಿನ ಬ್ರೇಕ್ ಕ್ಯಾಲಿಪರ್‌ಗೆ (ಚಕ್ರದೊಳಗೆ ಬ್ರೇಕ್ ಹಿಡಿಯುವ ಭಾಗಕ್ಕೆ) ತಾಗದೆ ಕೂರುತ್ತದಾ? ಆಮೇಲೆ ಕ್ಲೇಮ್ ಮಾಡಿದಾಗ ವಿಮೆಯವರು ತಕರಾರು ತೆಗೆದರಾ?