ಅಲೆ ಏರಿಗೆ, ಹಡಗು ನೀರಿಗೆ

ನನ್ನ ಕೆಲಸದ ಬಗ್ಗೆ ಕೇಳಿದವರು ಹುಬ್ಬೇರಿಸುತ್ತಾರೆ. ನಡುಗಡಲಲ್ಲಿ ಲಂಗರು ಹಾಕಿದ ಹಡಗಿಗೆ ಬಿರುಗಾಳಿ ಬಡಿದರೆ ಸರಪಳಿ ತಡೆಯುತ್ತದಾ, ಕಿತ್ತುಹೋಗುತ್ತದಾ ಅಂತ ಮೊದಲೇ ಹೇಳುವುದು. ಸಮುದ್ರಕ್ಕೆ ಹೋಗಿ ಅಲ್ಲ, ಕುರ್ಚಿಯಲ್ಲಿ ಕೂತು. ಕಂಪ್ಯೂಟರಿನಲ್ಲಿ 3 ಗಂಟೆಯ ಬಿರುಗಾಳಿ ಎಬ್ಬಿಸುವುದು ಸುಲಭ, ಒಂದು ಬಟನ್ ಒತ್ತಿದರೆ ಆಯಿತು. ಕಷ್ಟ ಶುರುವಾಗುವುದು ಅದು ನಿಂತ ಮೇಲೆ, ರಿಸಲ್ಟ್ ತೆರೆದಾಗ.

ಒಮ್ಮೆ ಸರಪಳಿಯ ಟೆನ್ಶನ್ (ಅದರ ಮೇಲೆ ಬೀಳುವ ಎಳೆತ) ಎಷ್ಟು ಹದವಾಗಿ ಬಂದಿತ್ತು ಅಂದರೆ, ನನ್ನ ಟೆನ್ಶನ್ ಪೂರ್ತಿ ಇಳಿದುಹೋಯಿತು. ಅದೇ ಖುಷಿಯಲ್ಲಿ ರಿಪೋರ್ಟ್ ಬರೆದು ಮುಗಿಸಿದೆ. ಕಳಿಸುವ ಮುಂಚೆ ಸುಮ್ನೆ ನೋಡೋಣ ಅಂತ ಆನಿಮೇಶನ್ ಹಾಕಿದೆ.

ಅಲೆ ಏಳುತ್ತಿದೆ, ಹಡಗು ಮುಳುಗುತ್ತಿದೆ. ಅಲೆ ಇಳಿಯುತ್ತಿದೆ, ಹಡಗು ಮೇಲೆದ್ದು ಹೊಟ್ಟೆ ತೋರಿಸುತ್ತಿದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಅದನ್ನು ಮೂರು ಆಯಾಮದಲ್ಲಿ, ಬಣ್ಣದಲ್ಲಿ ನೋಡಿದವನು ನಾನೊಬ್ಬನೇ ಇರಬೇಕು. ನೀಳವಾದ ಅಲೆ ಬಂದರೆ ಹಡಗು ಬೆಂಡಿನ ಹಾಗೆ ಅದರ ಜೊತೆಗೇ ಏರಿ, ಜೊತೆಗೇ ಇಳಿಯಬೇಕು. ನನ್ನ ಹಡಗಿಗೆ ಅಲೆಯ ಜೊತೆ ಜಗಳ.

ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಕಾರಣ ಸಿಕ್ಕಿತು. ಯಾವ ಅಲೆಗೆ ಹಡಗು ಎಷ್ಟು ಅಲ್ಲಾಡುತ್ತದೆ, ಯಾವಾಗ ಅಲ್ಲಾಡುತ್ತದೆ ಅನ್ನುವ ಪಟ್ಟಿಯೊಂದಿದೆ. ಆರ್‌ಎಓ ಅಂತ ಕರೆಯುತ್ತೇವೆ. ಅದು ಬೇರೆ ಪ್ರೋಗ್ರಾಮಿನಿಂದ ಬಂದಿತ್ತು. ಆ ಪ್ರೋಗ್ರಾಮಿಗೆ ಕೆಳಗಡೆ ಅಂದರೆ ಪ್ಲಸ್. ನಮ್ಮದಕ್ಕೆ ಮೇಲ್ಗಡೆ ಪ್ಲಸ್. ನಾನು ಹಾಗೇ ತಂದು ಸುರಿದಿದ್ದೆ. ಫೇಸ್‌ನಲ್ಲಿ, ಅಂದರೆ ಯಾವಾಗ ಏರಬೇಕು, ಯಾವಾಗ ಇಳಿಯಬೇಕು ಅನ್ನುವುದರಲ್ಲಿ, 180 ಡಿಗ್ರಿ ತಪ್ಪಿತ್ತು, ಅಷ್ಟೇ. ಸಾಫ್ಟ್‌ವೇರ್ ಒಂದು ಮಾತೂ ಆಡಲಿಲ್ಲ. ಡಿಸೈನ್ ಫೈಲಿನಲ್ಲಿ ಒಂದು ಕಾಮಾ ಬಿಟ್ಟುಹೋದರೆ ಕೆಂಪು ಅಕ್ಷರದಲ್ಲಿ ಕಿರುಚುತ್ತದೆ. ಹಡಗು ಮುಳುಗಿದರೆ ತನಗೆ ಸಂಬಂಧವೇ ಇಲ್ಲ ಅನ್ನುವ ಹಾಗಿರುತ್ತದೆ. ಟೆನ್ಶನ್ ಅಂಕಿಯಲ್ಲೂ ಸುಳಿವಿರಲಿಲ್ಲ. ಸರಪಳಿಯ ತುದಿ ಹೇಗೂ ಅಷ್ಟೇ ಎತ್ತರ ಏರಿಳಿಯುತ್ತಿತ್ತಲ್ಲ!

ಸರಿಮಾಡಿ ಮೀಟಿಂಗಿಗೆ ಹೋದೆ. ಸರಪಳಿಯ ಉದ್ದಕ್ಕೂ ಟೆನ್ಶನ್ ತೋರಿಸುವ ಗ್ರಾಫ್ ಹಾಕಿದೆ. ಅದರಲ್ಲಿ ಮೂರು ಗೆರೆ: ಗರಿಷ್ಠ, ಕನಿಷ್ಠ, ಸರಾಸರಿ.

"ಏನ್ರೀ, ಒಂದೇ ಸರಪಳಿ ಅಂದಿದ್ರಿ. ಇಲ್ಲಿ ಮೂರಿವೆ?" ಅಂದರು ಬಾಸ್.

"ಇಲ್ಲ ಸರ್, ಒಂದೇ. ಮೇಲಿನ ಗೆರೆ ದೊಡ್ಡ ಅಲೆ ಬಂದ ಕ್ಷಣದ್ದು."

ಪಕ್ಕದಲ್ಲಿದ್ದ ಸೀನಿಯರ್ ಮೇಡಂ ಮೆಲ್ಲಗೆ ಕೆಮ್ಮಿದರು. ಆಮೇಲೆ ಹೊಳೆಯಿತು, ನಾನು ಹೇಳಿದ್ದೂ ತಪ್ಪು. ಆ ಗೆರೆ ಯಾವ ಕ್ಷಣದ್ದೂ ಅಲ್ಲ. ಸರಪಳಿಯ ಒಂದೊಂದು ಜಾಗವೂ ತನ್ನ ಅತಿ ಕೆಟ್ಟ ಗಳಿಗೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ಕಂಡಿರುತ್ತದೆ. ಎಲ್ಲರ ದುಃಖ ಸೇರಿಸಿ ಒಂದು ಗ್ರೂಪ್ ಫೋಟೋ ತೆಗೆದ ಹಾಗೆ.

ಬಾಸ್‌ಗೆ ಅದೆಲ್ಲ ಬೇಡ. "ಒಂದೇ ನಂಬರ್ ಹೇಳಿ. ಗರಿಷ್ಠ ಎಷ್ಟು?"

ಇಲ್ಲೇ ಇರುವುದು ಮಜಾ. ಅಲೆಗಳನ್ನು ನಾವು ಜಾನ್‌ಸ್ವಾಪ್ ಅನ್ನುವ ಸೂತ್ರದಿಂದ ಹುಟ್ಟಿಸುತ್ತೇವೆ. ಉತ್ತರ ಸಮುದ್ರದಲ್ಲಿ ಅಳತೆ ಮಾಡಿ 1973ರಲ್ಲಿ ಪ್ರಕಟಿಸಿದ್ದು. ಯಾವ ಅಲೆಯ ಹಿಂದೆ ಯಾವುದು ಅನ್ನುವುದನ್ನು ಮಾತ್ರ 'ಸೀಡ್' ಅನ್ನುವ ಒಂದು ಸಂಖ್ಯೆ ತೀರ್ಮಾನಿಸುತ್ತದೆ. ಸೀಡ್ ಬದಲಾಯಿಸಿದರೆ ಅದೇ ಬಿರುಗಾಳಿ, ಅದೇ ಹಡಗು, ಬೇರೆ ಗರಿಷ್ಠ. ನಾನು ಹತ್ತು ಸಲ ಓಡಿಸಿದ್ದೆ. ಹತ್ತು ಉತ್ತರ ಬಂದಿದ್ದವು.

"ಹತ್ತು ಉತ್ತರಾನಾ? ಅಲೆ 8 ಮೀಟರ್ ಅಂತ ಬರೆದಿದೆಯಲ್ರೀ?"

ಆ 8 ಮೀಟರ್ ಅಂದರೆ ಎಲ್ಲ ಅಲೆಗಳಲ್ಲಿ ಅತಿ ದೊಡ್ಡ ಮೂರನೇ ಒಂದು ಭಾಗದ ಸರಾಸರಿ ಎತ್ತರ ಅಂತ ವಿವರಿಸಿದೆ. 3 ಗಂಟೆಯಲ್ಲಿ ಸುಮಾರು 15 ಮೀಟರಿನದೂ ಒಂದು ಬರಬಹುದು ಅಂದೆ. ಹುಮ್ಮಸ್ಸು ಜಾಸ್ತಿಯಾಗಿ ಡ್ರಾಪ್ನರ್ ಅನ್ನುವ ಕಡಲ ಪ್ಲಾಟ್‌ಫಾರಂನ ಕಥೆಗೂ ಕೈಹಾಕಿದೆ. 1995ರ ಜನವರಿ 1ರಂದು ಉತ್ತರ ಸಮುದ್ರದ ಆ ಪ್ಲಾಟ್‌ಫಾರಂ ಹತ್ತಿರ 25.6 ಮೀಟರಿನ ಅಲೆ ದಾಖಲಾಯಿತು. ಬಾಸ್ ಮುಖ ನೋಡಿದರೆ ಆ ಅಲೆ ಈಗಷ್ಟೇ ರೂಮಿನೊಳಗೆ ಬಂದ ಹಾಗಿತ್ತು. "ಆಯ್ತು, ಗ್ರಾಫ್ ಎಲ್ಲ ತೆಗೆದುಬಿಡಿ. ನಾಳೆ ಗಿರಾಕಿಗಳಿಗೆ ಆನಿಮೇಶನ್ ಒಂದೇ ತೋರಿಸೋಣ" ಅಂದರು. ನನಗೂ ನೆಮ್ಮದಿಯಾಯಿತು.

ನನ್ನ ಫೋಲ್ಡರಿನಲ್ಲಿ 'ಫೈನಲ್', 'ಫೈನಲ್ 2', 'ನಿಜವಾದ ಫೈನಲ್' ಅಂತ ಮೂರು ವಿಡಿಯೋ ಇದ್ದವು. ಬಾಸ್ ಪಾಪ, 'ಫೈನಲ್' ಅನ್ನುವುದನ್ನೇ ನಂಬಿದರು.

ದೊಡ್ಡ ಪರದೆಯ ಮೇಲೆ ಅಲೆ ಎದ್ದಿತು, ಹಡಗು ಮುಳುಗಿತು. ಇನ್ನೊಂದು ಅಲೆ ಎದ್ದಿತು, ಹಡಗು ಇನ್ನೊಮ್ಮೆ ಮುಳುಗಿತು. ಎಲ್ಲರೂ ತಲೆಯಾಡಿಸುತ್ತಾ ನೋಡುತ್ತಿದ್ದರು. ನಾನು ಮೇಜಿನ ಅಂಚು ಹಿಡಿದುಕೊಂಡಿದ್ದೆ. ಕೊನೆಯ ಸಾಲಿನಲ್ಲಿ ಒಬ್ಬರು ವಯಸ್ಸಾದ ಕ್ಯಾಪ್ಟನ್ ಕೂತಿದ್ದರು. ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, ಇನ್ನೊಂದು ಅಲೆ ಕಳೆಯುವ ತನಕ ಕಾದರು.

"ಸರಪಳಿ ವಿಷಯ ನೀವೇ ನೋಡ್ಕೊಳ್ಳಿ," ಅಂದರು. "ಈ ಹಡಗಿಗೆ ಮಾತ್ರ ನಾನು ಹತ್ತಲ್ಲ."